ಮಾರ್ಗ ಯಾರ ಸೊತ್ತು?

2025ರ ಡಿಸೆಂಬರಿನಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳ ಚುನಾವಣೆ ಮುಗಿದು ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳಲ್ಲಿ ಹೊಸ ಆಡಳಿತ ಸಮಿತಿಗಳು ಅಧಿಕಾರ ವಹಿಸಿಕೊಂಡವು. ಐದು ವರ್ಷಗಳ ಕಾಲ ನಮ್ಮ ಪೇಟೆಗಳ ಓಣಿ, ಚರಂಡಿ, ದಾರಿದೀಪ, ಮಾರುಕಟ್ಟೆ, ಮೈದಾನಗಳ ಆಗುಹೋಗು ಈ ಸಮಿತಿಗಳ ಕೈಯಲ್ಲಿ. ಯಾರು ಗೆದ್ದರು, ಎಷ್ಟು ಮತದಿಂದ ಗೆದ್ದರು ಎಂಬ ಲೆಕ್ಕ ನಮ್ಮ ಮನೆಜಗಲಿಗಳಲ್ಲೂ ಬೇಕಾದಷ್ಟು ನಡೆಯಿತು. ಆದರೆ ಗೆದ್ದವರ ವಶಕ್ಕೆ ಬಂದ ಸೊತ್ತು ಯಾವುದು, ಅದನ್ನು ಅವರು ಯಾವ ಕಟ್ಟಳೆಗೆ ಒಳಪಟ್ಟು ನೋಡಿಕೊಳ್ಳಬೇಕು, ಆ ಸೊತ್ತಿನಲ್ಲಿ ನಮ್ಮ ಪಾಲೇನು ಎಂಬ ಮಾತು ಅಷ್ಟಾಗಿ ನಡೆಯಲಿಲ್ಲ. ಆ ಮಾತನ್ನು ಈಗ ಎತ್ತುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಒಂದು ಪೇಟೆಯ ಅತಿ ದೊಡ್ಡ ಸಾರ್ವಜನಿಕ ಸೊತ್ತು ಅದರ ಮಾರ್ಗಗಳೇ. ಕಚೇರಿ ಕಟ್ಟಡವಾಗಲಿ ಆಸ್ಪತ್ರೆಯಾಗಲಿ ಎಲ್ಲರಿಗೂ ದಿನವೂ ಬೇಕಾಗುವುದಿಲ್ಲ. ಮಾರ್ಗವಾದರೋ ಹಾಲಿನವನಿಂದ ಹಿಡಿದು ಜಿಲ್ಲಾಧಿಕಾರಿಯವರೆಗೆ ಎಲ್ಲರಿಗೂ ಬೇಕು. ಹೀಗಿದ್ದೂ ನಾವು ಅದನ್ನು ಸೊತ್ತೆಂದು ಎಣಿಸುವುದಿಲ್ಲ. ನಮ್ಮ ಹಿತ್ತಿಲ ಗಡಿಕಲ್ಲು ಒಂದು ಗೇಣು ಸರಿದರೆ ಸರ್ವೆಯವರನ್ನು ಕರೆಸುವ ನಾವು, ಮನೆ ಮುಂದಿನ ಕಾಲುದಾರಿಯನ್ನು ಒಬ್ಬಾತ ಪೂರ್ತಿ ನುಂಗಿದರೂ ಪಕ್ಕಕ್ಕೆ ಇಳಿದು ನಡೆಯುತ್ತೇವೆ.

ಒಂದು ಮಾರ್ಗಕ್ಕೆ ಹಲವು ಯಜಮಾನರು

ಗುಂಡಿ ಬಿದ್ದ ಮಾರ್ಗದ ಬಗ್ಗೆ ಹೇಳಹೋದವರಿಗೆ ಮೊದಲು ಸಿಗುವ ಉತ್ತರ “ಅದು ನಮ್ಮದಲ್ಲ” ಎಂಬುದು. ಈ ಉತ್ತರ ಎಷ್ಟೋ ಸಲ ನಿಜವೂ ಹೌದು. ನಮ್ಮ ಪೇಟೆಯನ್ನೇ ನೋಡಿರಿ. ತಲಪಾಡಿಯಿಂದ ಬರುವ 66ನೆಯ ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ರೈಲು ನಿಲ್ದಾಣದ ಆವರಣ ರೈಲ್ವೆಯದು. ಪುರಂಬೋಕು ಜಾಗ ಕಂದಾಯ ಇಲಾಖೆಯ ದಾಖಲೆಯಲ್ಲಿ. ಇವೆಲ್ಲ ಕಳೆದು ಉಳಿದ ಒಳಮಾರ್ಗ, ಓಣಿ, ಅವುಗಳ ಚರಂಡಿ, ಮಾರುಕಟ್ಟೆ, ಬಸ್ ನಿಲ್ದಾಣ, ಮೈದಾನಗಳು ನಗರಸಭೆಯ ವಶದಲ್ಲಿವೆ. 1994ರ ಕೇರಳ ಮುನಿಸಿಪಾಲಿಟಿ ಕಾಯಿದೆ ಈ ವಶವನ್ನೂ ಅದರೊಂದಿಗೆ ಬರುವ ಹೊಣೆಯನ್ನೂ ನಗರಸಭೆಗೆ ಒಪ್ಪಿಸಿದೆ.

ಮಳೆನೀರಿಗೆ ಈ ಗಡಿಗಳು ತಿಳಿಯವು. ಹೆದ್ದಾರಿಯ ನೀರು ನಗರಸಭೆಯ ಚರಂಡಿಗೆ ಇಳಿಯುತ್ತದೆ; ಆ ಚರಂಡಿ ಮುಂದೆ ಇನ್ನೊಂದು ಇಲಾಖೆಯ ಮೋರಿಯಲ್ಲಿ ಮುಚ್ಚಿಹೋಗಿರುತ್ತದೆ; ನೀರು ಅಂಗಡಿಗೆ ನುಗ್ಗುತ್ತದೆ. ಮೂರೂ ಇಲಾಖೆಯವರು ತಮ್ಮ ತಮ್ಮ ಗಡಿಯೊಳಗೆ ತಪ್ಪಿಲ್ಲವೆಂದು ತೋರಿಸಬಲ್ಲರು. ಆದುದರಿಂದ ನಗರಸಭೆಯಿಂದ ನಾವು ಮೊದಲು ಬಯಸಬೇಕಾದದ್ದು ಹೊಸ ಕಾಮಗಾರಿಯನ್ನಲ್ಲ, ಒಂದು ಪಟ್ಟಿಯನ್ನು: ಯಾವ ಮಾರ್ಗ ಯಾರದು, ಎಲ್ಲಿಂದ ಎಲ್ಲಿಯವರೆಗೆ, ಅಗಲ ಎಷ್ಟು. ಇಂಥದ್ದೊಂದು ಪಟ್ಟಿ ಇರಲೇಬೇಕೆಂದು ನಿಯಮವಿದೆ. ಅದಕ್ಕೆ ಆಸ್ತಿ ರಿಜಿಸ್ಟರ್ ಎಂದು ಹೆಸರು.

ಈ ರಿಜಿಸ್ಟರಿನ ಬೆಲೆ ತಿಳಿದವರು ಕಡಿಮೆ. ಕೇರಳ ಸರಕಾರ ಸ್ಥಳೀಯ ಸಂಸ್ಥೆಗಳಿಗೆ ವರ್ಷ ವರ್ಷ ಕೊಡುವ ಹಣದಲ್ಲಿ ಮುಖ್ಯವಾಗಿ ಮೂರು ಬಾಬ್ತು: ಅಭಿವೃದ್ಧಿ ನಿಧಿ, ಸಾಮಾನ್ಯ ಉದ್ದೇಶದ ನಿಧಿ, ನಿರ್ವಹಣಾ ನಿಧಿ. ಮಾರ್ಗಗಳ ದುರಸ್ತಿಗೆ ಬರುವುದು ಮೂರನೆಯದು. ಆಸ್ತಿ ರಿಜಿಸ್ಟರಿನಲ್ಲಿ ಸೇರದ ಓಣಿಗೆ ಆ ನಿಧಿಯಿಂದ ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ. “ನಮ್ಮ ಓಣಿಗೆ ಮಾತ್ರ ಏಕೆ ಡಾಮರು ಇಲ್ಲ” ಎಂದು ಕೇಳುವವರು ರಾಜಕೀಯವನ್ನು ಶಂಕಿಸುವ ಮುನ್ನ ರಿಜಿಸ್ಟರಿನ ಪುಟವನ್ನು ನೋಡಬೇಕು.

ಯಜಮಾನನಲ್ಲ, ಪಾರುಪತ್ಯಗಾರ

ನಗರಸಭೆಯ ವಶದಲ್ಲಿದೆ ಎಂದ ಮಾತ್ರಕ್ಕೆ ಅದು ತನಗೆ ತೋಚಿದಂತೆ ಮಾಡಬಹುದೇ? ಇಲ್ಲ. ದೇವಸ್ಥಾನದ ಒಡವೆ ಮೊಕ್ತೇಸರರ ಕೈಯಲ್ಲಿರುತ್ತದೆ; ಅದನ್ನು ಅವರು ಮಗಳ ಮದುವೆಗೆ ತೊಡಿಸುವಂತಿಲ್ಲ. ನಗರಸಭೆಯ ಸ್ಥಿತಿಯೂ ಅದೇ. ಈ ತತ್ವವನ್ನು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ ಎರಡು ಪ್ರಕರಣಗಳನ್ನು ಇಲ್ಲಿ ನೆನೆಯಬಹುದು.

ಮೊದಲನೆಯದು ಬೆಂಗಳೂರಿನದು. ಅಲ್ಲಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಅಭಿವೃದ್ಧಿ ಪ್ರಾಧಿಕಾರವು ಸರಕಾರದ ಮೇಲಿನಿಂದ ಬಂದ ಸೂಚನೆಯಂತೆ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟುಬಿಟ್ಟಿತು. ನೆರೆಕರೆಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಸಾರ್ವಜನಿಕ ಉಪಯೋಗದ್ದೇ ಅಲ್ಲವೇ ಎಂಬ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಉದ್ಯಾನಕ್ಕೆಂದು ಮೀಸಲಿಟ್ಟ ಬಯಲು ಊರವರ ಆರೋಗ್ಯಕ್ಕಾಗಿ ಇರುವುದು, ಅದನ್ನು ಖಾಸಗಿಯವರಿಗೆ ಪರಭಾರೆ ಮಾಡುವ ಅಧಿಕಾರ ಪ್ರಾಧಿಕಾರಕ್ಕೂ ಇಲ್ಲ, ಮುಖ್ಯಮಂತ್ರಿಗೂ ಇಲ್ಲ ಎಂಬುದು ಆ ತೀರ್ಪಿನ ಸಾರ. ದಾವೆ ಹೂಡಿದವರು ಆ ಜಾಗದ ಒಡೆಯರಲ್ಲ, ಬರೇ ಆಸುಪಾಸಿನ ನಿವಾಸಿಗಳು. ಅವರಿಗೆ ದೂರು ಕೊಡುವ ಹಕ್ಕು ಉಂಟೆಂದು ಕೋರ್ಟು ಒಪ್ಪಿದ್ದು ನಮ್ಮಂಥವರ ಪಾಲಿಗೆ ಅತಿ ಮುಖ್ಯವಾದ ಅಂಶ.

ಎರಡನೆಯದು ನಮ್ಮ ರಾಜ್ಯದ್ದೇ. ತಿರುವನಂತಪುರ ಜಿಲ್ಲೆಯ ನೆಯ್ಯಾಟಿನ್‌ಕರದಲ್ಲಿ ದಿವಂಗತ ರಾಜಕೀಯ ನಾಯಕರೊಬ್ಬರ ಪ್ರತಿಮೆಯನ್ನು ರಸ್ತೆಯ ಜಾಗದಲ್ಲಿ ನಿಲ್ಲಿಸಲು ಕೇರಳ ಸರಕಾರ ಅನುಮತಿ ಕೊಟ್ಟಿತ್ತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದುದಲ್ಲದೆ, ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆಗಳಿಗೆ ಅನುಮತಿ ಕೊಡಬಾರದೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. ರಸ್ತೆ, ಉದ್ಯಾನಗಳಲ್ಲಿ ಅನಧಿಕೃತವಾಗಿ ಹೊಸ ಆರಾಧನಾಲಯ ಕಟ್ಟಬಾರದೆಂದು 2009ರಲ್ಲೇ ಹೇಳಿತ್ತು. ದೇವರಿಗೂ ನಾಯಕರಿಗೂ ನಡುಮಾರ್ಗದಲ್ಲಿ ಜಾಗವಿಲ್ಲವೆಂದ ಮೇಲೆ, ಅಂಗಡಿಯ ಮೆಟ್ಟಿಲಿಗೂ ಜಾಹೀರಾತಿನ ಕಂಬಕ್ಕೂ ಜಾಗವಿದೆಯೆಂದು ಹೇಳುವುದು ಹೇಗೆ?

ಸಭೆ, ವೇದಿಕೆ, ಧ್ವಜಕಂಬ

ಕೇರಳದಲ್ಲಿ ಮಾರ್ಗದ ಮೇಲೆ ಅತಿ ದೊಡ್ಡ ಹಕ್ಕು ಸ್ಥಾಪಿಸಿದವರು ರಾಜಕೀಯ ಪಕ್ಷಗಳು. ಇದರಲ್ಲಿ ಪಕ್ಷಭೇದವಿಲ್ಲ. 2010ರ ಜೂನಿನಲ್ಲಿ ಕೇರಳ ಹೈಕೋರ್ಟು ರಸ್ತೆಗಳಲ್ಲೂ ರಸ್ತೆಬದಿಗಳಲ್ಲೂ ಸಾರ್ವಜನಿಕ ಸಭೆ ನಡೆಸುವುದನ್ನು ನಿಷೇಧಿಸಿತು. ಸರಕಾರ 2011ರಲ್ಲಿ ಇದೇ ವಿಷಯದಲ್ಲಿ ಒಂದು ಕಾಯಿದೆಯನ್ನು ತಂದಿತು. ಹಾಗಿದ್ದೂ 2024ರ ಡಿಸೆಂಬರಿನಲ್ಲಿ ತಿರುವನಂತಪುರದ ವಂಚಿಯೂರಿನಲ್ಲಿ ಆಳುವ ಪಕ್ಷದ ಸಮ್ಮೇಳನಕ್ಕೆ ರಸ್ತೆಯನ್ನೇ ಅಡ್ಡಗಟ್ಟಿ ವೇದಿಕೆ ಎದ್ದಿತು. ಹೈಕೋರ್ಟು ನ್ಯಾಯಾಂಗ ನಿಂದನೆಯ ವಿಚಾರಣೆಗೆ ಇಳಿಯಬೇಕಾಯಿತು. 2025ರ ಫೆಬ್ರವರಿಯಲ್ಲಿ ಅದೇ ಹೈಕೋರ್ಟು ಸಾರ್ವಜನಿಕ ಜಾಗಗಳಲ್ಲಿ ಅನುಮತಿಯಿಲ್ಲದೆ ನಿಂತ ಧ್ವಜಕಂಬಗಳ ವಿಷಯದಲ್ಲಿ ಆದೇಶ ಕೊಟ್ಟಿತು.

ಪ್ರತಿಯೊಂದಕ್ಕೂ ಹೈಕೋರ್ಟೇ ಬರಬೇಕಾದುದು ಏಕೆ? ಕಾನೂನು ಕೈಯಲ್ಲಿರುವ ನಗರಸಭೆಯ ಕಾರ್ಯದರ್ಶಿಯೇ ಬೆಳಗಾಗುವುದರೊಳಗೆ ಬ್ಯಾನರನ್ನು ತೆಗೆಸಬಹುದು. ತೆಗೆಸುವುದಿಲ್ಲ; ಏಕೆಂದರೆ ಬ್ಯಾನರು ಕಟ್ಟಿದ ಪಕ್ಷದವರೇ ಒಳಗೆ ಕೌನ್ಸಿಲಿನಲ್ಲಿ ಕುಳಿತಿರುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಇದಕ್ಕೆ ಸರಿಹೊಂದುತ್ತದೆ. ಈ ಸ್ಥಿತಿಯಲ್ಲಿ ನಗರಸಭೆಯನ್ನು ಎಚ್ಚರಿಸಬಲ್ಲವರು ಯಾವ ಕಂಬದ ಹಂಗೂ ಇಲ್ಲದ ಸಾಮಾನ್ಯ ನಿವಾಸಿಗಳು ಮಾತ್ರ.

ತಳ್ಳುಗಾಡಿಯವರೆಲ್ಲ ಅತಿಕ್ರಮಣಕಾರರೇ?

ಕಾಲುದಾರಿ ತೆರವು ಎಂದಾಗ ನಗರಸಭೆಗಳು ಮೊದಲು ಹಿಡಿಯುವುದು ದೊಡ್ಡವರನ್ನಲ್ಲ. ಬುಟ್ಟಿ ಇಟ್ಟುಕೊಂಡ ಹಣ್ಣಿನವಳನ್ನು, ಸಂಜೆಗೆ ದೋಸೆ ಹುಯ್ಯುವ ತಳ್ಳುಗಾಡಿಯವನನ್ನು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿಸ್ವಾತಂತ್ರ್ಯದೊಳಗೆ ಸೇರುತ್ತದೆ, ಆದರೆ ಅದಕ್ಕೆ ಯುಕ್ತ ಕಟ್ಟುಪಾಡು ವಿಧಿಸಬಹುದು ಎಂದು 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 2014ರಲ್ಲಿ ಪಾರ್ಲಿಮೆಂಟು ಬೀದಿ ವ್ಯಾಪಾರಿಗಳ ಕಾಯಿದೆಯನ್ನು ಮಾಡಿತು. ಅದರಂತೆ ಪ್ರತಿಯೊಂದು ಪೇಟೆಯಲ್ಲೂ ಒಂದು ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ 100ಕ್ಕೆ 40ಕ್ಕಿಂತ ಕಡಿಮೆಯಾಗದಷ್ಟು ಮಂದಿ ವ್ಯಾಪಾರಿಗಳೇ ಆರಿಸಿ ಕಳುಹಿಸಿದವರು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಗಣತಿ ನಡೆಯಬೇಕು. ಗಣತಿ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು. ಆಮೇಲೂ ಸ್ಥಳ ಬದಲಿಸಲು 30 ದಿನಗಳ ನೋಟೀಸು ಬೇಕು. ವಶಪಡಿಸಿಕೊಂಡ ಮೀನು, ಹಣ್ಣು, ತರಕಾರಿಯಂಥ ಹಾಳಾಗುವ ಸರಕನ್ನು ಅದೇ ದಿನ ಹಿಂದಿರುಗಿಸಬೇಕು.

ಜನಸಂಖ್ಯೆಯ 100ಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡುವುದು ಆ ಕಾಯಿದೆಯ ಎಣಿಕೆ. 2011ರ ಜನಗಣತಿಯಂತೆ ಕಾಸರಗೋಡು ನಗರಸಭೆಯ ಜನಸಂಖ್ಯೆ 54,172. ಆ ಲೆಕ್ಕದಲ್ಲಿ ಸುಮಾರು 1,350 ಮಂದಿಗೆ ಅವಕಾಶ. ಎಲ್ಲಿ, ಯಾವ ಹೊತ್ತಿನಲ್ಲಿ, ನಡೆಯುವವರಿಗೆ ಎಷ್ಟು ಅಗಲ ಬಿಟ್ಟು ಎಂದು ಗೆರೆ ಎಳೆಯಬೇಕಾದದ್ದು ಸಮಿತಿ. ಗೆರೆ ಎಳೆಯದೆ ಲಾರಿ ತಂದು ಗಾಡಿಗಳನ್ನು ಹೇರಿಕೊಂಡು ಹೋಗುವುದು ಆಡಳಿತವೆನಿಸದು.

ಹಾಗೆಂದು ನಡೆಯುವವನ ಹಕ್ಕು ಕಡಿಮೆಯದಲ್ಲ. ತಡೆಯಿಲ್ಲದ ಕಾಲುದಾರಿ ಬದುಕುವ ಹಕ್ಕಿನದೇ ಒಂದು ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಾಲಿಕುರ್ಚಿಯಲ್ಲಿ ಬರುವವರಿಗೂ ದಾರಿ ತೆರೆದಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಇಬ್ಬರು ಬಡವರ ಹಕ್ಕು ಒಂದೇ ಕಾಲುದಾರಿಯ ಮೇಲೆ ಎದುರುಬದುರಾದಾಗ ಅಳತೆಕೋಲು ಹಿಡಿದು ನ್ಯಾಯ ಮಾಡುವುದೇ ನಗರಸಭೆಯ ಕೆಲಸ. ಇದಕ್ಕೆ ನಮ್ಮ ಕಣ್ಣಮುಂದಿನ ಉದಾಹರಣೆ ಕೋಝಿಕ್ಕೋಡಿನ ಮಿಠಾಯಿ ತೆರುವು. ಎಸ್. ಕೆ. ಪೊಟ್ಟೆಕ್ಕಾಟರ ಕಾದಂಬರಿಯಿಂದ ಹೆಸರಾದ ಆ ಇಕ್ಕಟ್ಟಿನ ವ್ಯಾಪಾರದ ಬೀದಿಗೆ 2017ರಲ್ಲಿ ಕಲ್ಲು ಹಾಸಿ, ಹಗಲಿನಲ್ಲಿ ವಾಹನ ಬಾರದಂತೆ ಮಾಡಿದರು. ವ್ಯಾಪಾರ ಕೆಡುತ್ತದೆಂದು ಅಂಗಡಿಯವರಲ್ಲಿ ಒಂದು ಪಾಲು ವಿರೋಧಿಸಿತು. ಬೀದಿ ವ್ಯಾಪಾರಿಗಳನ್ನು ಎಲ್ಲಿ ಕೂರಿಸುವುದೆಂಬ ತಗಾದೆಯೂ ಎದ್ದಿತು. ತಗಾದೆಗಳು ಬಂದೇ ಬರುತ್ತವೆ. ಆದರೆ ಮಾರ್ಗ ಮೊದಲು ನಡೆಯುವವನಿಗೆ ಎಂಬ ನಿರ್ಧಾರವನ್ನು ಒಂದು ಪೇಟೆ ಧೈರ್ಯವಾಗಿ ತೆಗೆದುಕೊಂಡಿತು ಎಂಬುದನ್ನು ಮೆಚ್ಚಬೇಕು.

ಮೇಲ್ಸೇತುವೆಯ ಕೆಳಗೆ

ಕಾಸರಗೋಡಿನಲ್ಲಿ ಈ ಪ್ರಶ್ನೆ ಹೊಸ ರೂಪದಲ್ಲಿ ಬಂದಿದೆ. ಹೆದ್ದಾರಿ ಆರು ಪಥಗಳಾದಾಗ ಕರಂದಕ್ಕಾಡಿನ ಕಡೆಯಿಂದ ನುಳ್ಳಿಪ್ಪಾಡಿಯ ಕಡೆಗೆ ಒಂದೇ ಸಾಲು ಕಂಬಗಳ ಮೇಲೆ ಒಂದು ಕಿಲೋಮೀಟರಿಗಿಂತ ಉದ್ದದ ಮೇಲ್ಸೇತುವೆ ಎದ್ದಿತು. ಮೇಲೆ ಹೋಗುವವರು ಪೇಟೆಗೆ ಇಳಿಯದೆ ಹೋಗುತ್ತಾರೆ. ಕೆಳಗೆ ಉಳಿದದ್ದು ನಾವು, ಮತ್ತು ಪೇಟೆಯ ನಟ್ಟನಡುವೆ ಮಳೆಬಿಸಿಲು ತಾಗದ ಒಂದು ಉದ್ದನೆಯ ಜಾಗ. ಇಷ್ಟು ದೊಡ್ಡ ನೆರಳು ಕಾಸರಗೋಡು ಪೇಟೆಗೆ ಹಿಂದೆಂದೂ ಒದಗಿರಲಿಲ್ಲ.

ಈ ಜಾಗ ಹೆದ್ದಾರಿ ಪ್ರಾಧಿಕಾರದ್ದು, ಬಳಸುವವರು ಊರವರು, ಇಬ್ಬರ ನಡುವೆ ಮಾತಾಡಬೇಕಾದದ್ದು ನಗರಸಭೆ. ಯಾರೂ ಮಾತಾಡದಿದ್ದರೆ ಏನಾಗುತ್ತದೆಂದು ಬೇರೆ ಪೇಟೆಗಳನ್ನು ನೋಡಿ ಹೇಳಬಹುದು. ಮೊದಲು ಕೆಲವು ವಾಹನ ನಿಲ್ಲುತ್ತವೆ, ಅನಂತರ ಕಸ ಬೀಳುತ್ತದೆ, ಕತ್ತಲಾದ ಮೇಲೆ ಹೆಂಗಸರು ಆ ಕಡೆ ಹೋಗುವುದನ್ನು ಬಿಡುತ್ತಾರೆ. ಹಾಗಾಗುವ ಮುನ್ನ ಇಷ್ಟು ಭಾಗ ನಡೆದು ದಾಟುವವರಿಗೆ, ಇಷ್ಟು ಬೀದಿ ವ್ಯಾಪಾರಿಗಳಿಗೆ, ಇಷ್ಟು ವಾಹನಗಳಿಗೆ, ಇಷ್ಟು ಮುದುಕರಿಗೂ ಮಕ್ಕಳಿಗೂ ಕೂರಲು ಎಂದು ಹಂಚಿ, ದೀಪ ಹಾಕಿ, ಮೂತ್ರಾಲಯ ಕಟ್ಟಿ ನೋಡಿಕೊಳ್ಳುವುದು ಅಸಾಧ್ಯವಾದ ಕೆಲಸವಲ್ಲ. ಬೇಕಾದುದು ಕೇಳುವ ಜನ.

ಕೇಳಬೇಕಾದರೆ ತಿಳಿಯಬೇಕು

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಲಯಾಳ ಮಾತಾಡುವ ನೆರೆಯವರಿಗೂ ನಮಗೂ ಸಮಾನ. ಗುಂಡಿಗೆ ಬಿದ್ದವನ ಮನೆಮಾತು ಯಾವುದೆಂದು ಗುಂಡಿ ಕೇಳುವುದಿಲ್ಲ. ಆದರೆ ಮುಂದಿನ ಮಾತು ನಮಗೆ ವಿಶೇಷವಾಗಿ ಸೇರಿದ್ದು.

ನಗರಸಭೆ ಒಂದು ಮಾರ್ಗವನ್ನು ಅಗಲ ಮಾಡಲು, ಮೈದಾನದ ಒಂದು ಮೂಲೆಯನ್ನು ಬೇರೆ ಕೆಲಸಕ್ಕೆ ಬಳಸಲು, ತೆರಿಗೆ ಬದಲಿಸಲು ಹೊರಟಾಗ ಪ್ರಕಟಣೆ ಹೊರಡಿಸಿ ಆಕ್ಷೇಪ ಕರೆಯುತ್ತದೆ. ಆ ಪ್ರಕಟಣೆ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡ ಶಾಲೆಯಲ್ಲಿ ಓದಿದ ಅಜ್ಜ ಅಜ್ಜಿಯಂದಿರಿಗೆ ಅದು ಗೋಡೆಯ ಮೇಲಿನ ಬರೇ ಕಾಗದ. ದಿನ ಕಳೆಯುತ್ತದೆ, ಆಕ್ಷೇಪವಿಲ್ಲವೆಂದು ಕಡತದಲ್ಲಿ ದಾಖಲಾಗುತ್ತದೆ. ಮಾರ್ಗದ ಮೇಲಿನ ಹಕ್ಕು ಹೀಗೆ ಸದ್ದಿಲ್ಲದೆ ಕೈತಪ್ಪುತ್ತದೆ. ಕನ್ನಡದಲ್ಲಿ ಫಲಕ, ಕನ್ನಡದಲ್ಲಿ ಪ್ರಕಟಣೆ ಎಂದು ನಾವು ಕೇಳುವುದು ಅಭಿಮಾನಕ್ಕಾಗಿ ಮಾತ್ರವೆಂದು ತಿಳಿದವರು ಇದನ್ನು ಗಮನಿಸಬೇಕು.

ಯಾವ ಕುಂದುಕೊರತೆಗಾಗಲಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಧಿಕಾರಿಗಳಿಗೆ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಕೇರಳ ಆಡಳಿತ ಭಾಷಾ ಕಾಯಿದೆ ಹೇಳಿತು. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದ ಮೇಲೆ ಕರ್ನಾಟಕ ಸರಕಾರ ಆಕ್ಷೇಪವೆತ್ತಿತು. ಅಲ್ಪಸಂಖ್ಯಾತರ ಈ ಹಕ್ಕಿಗೆ ಚ್ಯುತಿಯಿಲ್ಲವೆಂದು ಕೇರಳ ಸರಕಾರ ಉತ್ತರ ಕೊಟ್ಟಿತು. 2021ರ ಜೂನಿನಲ್ಲಿ ಇಲ್ಲಿನ ಊರುಗಳ ಕನ್ನಡ ಹೆಸರು ಬದಲಾಗುತ್ತವೆಂಬ ಸುದ್ದಿ ಹಬ್ಬಿದಾಗಲೂ ಅಂಥ ಪ್ರಸ್ತಾವವೇ ಇಲ್ಲವೆಂದು ಸರಕಾರ ಹೇಳಿತ್ತು. ಆ ಮಾತುಗಳನ್ನು ನಾವು ನಂಬೋಣ. ನಂಬಿ, ಅವನ್ನು ಆಚರಣೆಯಲ್ಲಿ ತೋರಿಸಿರೆಂದು ಕೇಳೋಣ. ಪಿಲಿಕುಂಜೆಯನ್ನು ಪುಲಿಕ್ಕುನ್ನು ಎನ್ನುವವರು ಎನ್ನಲಿ. ಫಲಕದಲ್ಲಿ ಎರಡೂ ಇದ್ದರೆ ಹುಲಿಗೂ ನಷ್ಟವಿಲ್ಲ, ಗುಡ್ಡಕ್ಕೂ ನಷ್ಟವಿಲ್ಲ.

ವಾರ್ಡು ಸಭೆಗೆ ಹೋಗೋಣ

ಶಾಲೆಯಲ್ಲಿ ಪೌರನೀತಿ ಕಲಿಸುವ ನಾವು ಮಕ್ಕಳಿಗೆ ನಗರಸಭೆಯ ರಚನೆಯನ್ನು ಬಾಯಿಪಾಠ ಮಾಡಿಸುತ್ತೇವೆ. ಅದೇ ಮಕ್ಕಳ ಹೆತ್ತವರಲ್ಲಿ ವಾರ್ಡು ಸಭೆಗೆ ಹೋದವರು ಬೆರಳೆಣಿಕೆಯಷ್ಟು. ಕೇರಳದಲ್ಲಿ ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಸಭೆಗಳಲ್ಲಿ ವಾರ್ಡಿನ ಮತದಾರರೆಲ್ಲರೂ ವಾರ್ಡು ಸಭೆಯ ಸದಸ್ಯರು. ಕೌನ್ಸಿಲರು ಅದರ ಸಂಚಾಲಕರು. ಮೂರು ತಿಂಗಳಿಗೊಮ್ಮೆ ಅದು ಸೇರಬೇಕು. ಯೋಜನೆಗಳ ಪಟ್ಟಿಯೂ ಫಲಾನುಭವಿಗಳ ಪಟ್ಟಿಯೂ ಅಲ್ಲಿಗೆ ಬರುತ್ತವೆ. ಭಾಷೆ ತಿಳಿಯದೆಂಬ ಸಂಕೋಚ, ಹೋದರೆ ಯಾವ ಪಕ್ಷದವರೆಂದು ಲೆಕ್ಕ ಹಾಕುತ್ತಾರೆಂಬ ಅಂಜಿಕೆ, ಹೋಗಿ ಆಗುವುದೇನೆಂಬ ಉದಾಸೀನ, ಈ ಮೂರೂ ನಮ್ಮನ್ನು ಮನೆಯಲ್ಲಿ ಕೂರಿಸಿವೆ. ಹೋದವರು ತೀರ್ಮಾನಿಸುತ್ತಾರೆ, ಕೂತವರು ಅನುಭವಿಸುತ್ತಾರೆ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ವಾರ್ಡು ಸಭೆಯ ದಿನವನ್ನು ಕೌನ್ಸಿಲರಲ್ಲಿ ಕೇಳಿ ತಿಳಿದುಕೊಳ್ಳಿರಿ. ಓಣಿಯ ನಾಲ್ಕು ಮನೆಯವರು ಸೇರಿ ಹೋಗಿರಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿರಿ. ನಿಮ್ಮ ಓಣಿ ಆಸ್ತಿ ರಿಜಿಸ್ಟರಿನಲ್ಲಿದೆಯೇ, ಅದರ ಅಗಲ ಎಷ್ಟು ಬರೆದಿದೆ ಎಂದು ಕೇಳಿರಿ. ಬೀದಿ ವ್ಯಾಪಾರಿಗಳ ಸಮಿತಿ ಯಾವಾಗ ಸೇರಿತ್ತು, ಮೇಲ್ಸೇತುವೆಯ ಕೆಳಗಿನ ಜಾಗದ ಬಗ್ಗೆ ನಗರಸಭೆ ಹೆದ್ದಾರಿಯವರಿಗೆ ಏನು ಬರೆದಿದೆ ಎಂದು ಕೇಳಿರಿ. ಪ್ರಕಟಣೆಗಳನ್ನೂ ಫಲಕಗಳನ್ನೂ ಕನ್ನಡದಲ್ಲೂ ಹಾಕಬೇಕೆಂದು ಕೇಳಿರಿ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಕನ್ನಡದಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮುದ್ರೆಯೂ ತಾರೀಕೂ ಹಾಕಿಸಿಕೊಂಡು ಬನ್ನಿರಿ. ಮಲಯಾಳ ಬರುವ ನೆರೆಯವರೂ ನಿಮ್ಮ ಓಣಿಯವರೇ. ಅವರ ಸಹಿಯನ್ನೂ ಹಾಕಿಸಿರಿ, ಅವರ ಅರ್ಜಿಗೆ ನಿಮ್ಮ ಸಹಿಯನ್ನೂ ಹಾಕಿರಿ.

1956ರಲ್ಲಿ ಈ ತಾಲೂಕು ಕೇರಳಕ್ಕೆ ಸೇರಿದಾಗ ಮಾರ್ಗಗಳು ಇದ್ದಲ್ಲೇ ಇದ್ದವು. ಅವುಗಳಲ್ಲಿ ನಡೆಯುತ್ತಿದ್ದ ನಮ್ಮ ಹಿರಿಯರೂ ಇದ್ದಲ್ಲೇ ಇದ್ದರು. ಅವರು ಈ ಪೇಟೆಯಲ್ಲಿ ನೆಂಟರಾಗಿರಲಿಲ್ಲ. ನಾವೂ ನೆಂಟರಲ್ಲ. ತೆರಿಗೆ ಕೊಡುವವರು, ಮತ ಹಾಕುವವರು, ದಿನವೂ ಇದೇ ಮಾರ್ಗದಲ್ಲಿ ನಡೆಯುವವರು. ಮನೆಯವರು ಕೇಳುವ ಹಾಗೆ ಕೇಳೋಣ.